ಬಲಕ್ಕೆ ತಿರುಗುವ ವಾಹನ ಎಲ್ಲಿ ನಿಲ್ಲಬೇಕು?

ಕೂಡುರಸ್ತೆಯಲ್ಲಿ ಅಪಘಾತವಾದಾಗ ಠಾಣೆಯ ಕಡತದಲ್ಲಿ ದಾಖಲಾಗುವ ಕಾರಣ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಚಾಲಕನ ಅತಿವೇಗ ಮತ್ತು ಅಜಾಗರೂಕತೆ. ಮೊದಲು ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಂಗಳಡಿ, 2024ರ ಜುಲೈ 1ರ ನಂತರ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಂಗಳಡಿ ಪ್ರಕರಣ ದಾಖಲಾಗುತ್ತದೆ. ಕಾನೂನಿಗೆ ಒಬ್ಬ ಹೊಣೆಗಾರ ಬೇಕಾಗಿರುವುದರಿಂದ ಅದು ಸಹಜ. ಆದರೆ ರಸ್ತೆಯನ್ನು ಕಟ್ಟುವವರೂ ನೋಡಿಕೊಳ್ಳುವವರೂ ತಮ್ಮ ವಿಚಾರಣೆಯನ್ನು ಅಲ್ಲಿಗೇ ಮುಗಿಸಿದರೆ, ಅದೇ ಜಾಗದಲ್ಲಿ ಅದೇ ಬಗೆಯ ಅಪಘಾತವನ್ನು ಇನ್ನೊಬ್ಬ ಚಾಲಕ ಮಾಡುವುದಕ್ಕೆ ನಾವೇ ದಾರಿ ಬಿಟ್ಟಂತಾಗುತ್ತದೆ. ಆದ್ದರಿಂದ ನಾನು ಇಂದು ಕೇಳಲಿರುವುದು ಡಿಕ್ಕಿಯಾದ ಜಾಗಕ್ಕಿಂತ ನೂರು ಮೀಟರ್ ಹಿಂದಿನ ಪ್ರಶ್ನೆ. ಆ ಚಾಲಕ ತಿರುಗಬೇಕೆಂದುಕೊಂಡಾಗ ರಸ್ತೆ ಅವನಿಗೆ ಎಲ್ಲಿ ನಿಲ್ಲಲು ಹೇಳಿತು, ಅಲ್ಲಿ ನಿಂತರೆ ಅವನಿಗೆ ಏನು ಕಾಣುತ್ತಿತ್ತು, ತಿರುಗಲು ಎಷ್ಟು ಹೊತ್ತು ಸಿಗುತ್ತಿತ್ತು?

ನಮ್ಮಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಚಲಿಸುವುದರಿಂದ ಎಡತಿರುವು ಸುಲಭದ್ದು, ಬಲತಿರುವು ಎದುರಿನ ಸಂಚಾರವನ್ನು ಸೀಳಿಕೊಂಡು ಹೋಗಬೇಕಾದದ್ದು. ಈ ವಿಷಯದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದಿಂದ ಬಂದಿವೆ. ಅಲ್ಲಿ ಬಲಬದಿಯ ಸಂಚಾರವಾದ್ದರಿಂದ ಅಪಾಯದ ತಿರುವು ಅವರಿಗೆ ಎಡಗಡೆಯದು. ಅವರ ಅಂಕಿಗಳನ್ನು ಹೇಳುವಾಗ ನಾನು ದಿಕ್ಕನ್ನು ನಮ್ಮ ರಸ್ತೆಗೆ ಹೊಂದಿಸಿಕೊಂಡೇ ಹೇಳುತ್ತೇನೆ.

ನಾಲ್ಕು ದಾರಿ ಕೂಡುವ ಒಂದು ಸಾಮಾನ್ಯ ಕೂಡುರಸ್ತೆಯನ್ನು ಕಾಗದದ ಮೇಲೆ ಬರೆದು, ಪ್ರತಿ ದಿಕ್ಕಿನಿಂದ ನೇರ, ಎಡ, ಬಲ ಎಂದು ಮೂರು ಗೆರೆ ಎಳೆದರೆ, ಗೆರೆಗಳು ಒಂದನ್ನೊಂದು ಮುಟ್ಟುವ ಜಾಗಗಳು 32. ಅವುಗಳಲ್ಲಿ 8 ಕಡೆ ವಾಹನಗಳು ಬೇರ್ಪಡುತ್ತವೆ, 8 ಕಡೆ ಸೇರುತ್ತವೆ, ಉಳಿದ 16 ಕಡೆ ಅಡ್ಡಡ್ಡ ಹಾಯುತ್ತವೆ. ಪ್ರಾಣ ಹೋಗುವುದು ಹೆಚ್ಚಾಗಿ ಈ ಅಡ್ಡ ಹಾಯುವ ಜಾಗಗಳಲ್ಲಿ, ಏಕೆಂದರೆ ಅಲ್ಲಿ ವಾಹನದ ಪಕ್ಕಕ್ಕೆ ಇನ್ನೊಂದು ವಾಹನದ ಮೂತಿ ಬಡಿಯುತ್ತದೆ. ಆ 16ನ್ನು ಒಂದೊಂದಾಗಿ ಎಣಿಸಿ ನೋಡಿ. ನೇರ ಹೋಗುವವರು ನೇರ ಹೋಗುವವರನ್ನೇ ಅಡ್ಡ ಹಾಯುವುದು ನಾಲ್ಕು ಕಡೆ ಮಾತ್ರ. ಉಳಿದ 12 ಕಡೆಗಳಲ್ಲಿಯೂ ಬಲಕ್ಕೆ ತಿರುಗುವ ಒಂದು ವಾಹನವಾದರೂ ಇದ್ದೇ ಇರುತ್ತದೆ. ಊರ ಹೊರಗಿನ ಹೆದ್ದಾರಿಗೆ ಹಳ್ಳಿಯ ರಸ್ತೆ ಬಂದು ಸೇರುವ ಮೂರು ದಾರಿಯ ಕೂಡಿನಲ್ಲಿ ಒಟ್ಟು 9 ಜಾಗಗಳಿದ್ದು, ಅಡ್ಡ ಹಾಯುವಂಥವು 3. ಆ ಮೂರರಲ್ಲಿ ಮೂರೂ ಬಲತಿರುವಿನವೇ. ಬಲತಿರುವನ್ನು ಸರಿಪಡಿಸಿದರೆ ಕೂಡುರಸ್ತೆಯ ಬಹುಪಾಲನ್ನು ಸರಿಪಡಿಸಿದಂತೆ ಎಂದು ನಾನು ಹೇಳುವುದು ಈ ಎಣಿಕೆಯಿಂದಲೇ.

ಈಗ ತಿರುವಿಗೆ ಪ್ರತ್ಯೇಕ ಲೇನ್ ಇಲ್ಲದ ಒಂದು ಹೆದ್ದಾರಿಯನ್ನು ತೆಗೆದುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಕಾರಿನ ಚಾಲಕ ಬಲಕ್ಕೆ ತಿರುಗಬೇಕು. ಅವನು ವೇಗವನ್ನು ತಗ್ಗಿಸುವುದು, ಪೂರ್ತಿ ನಿಲ್ಲುವುದು, ಎದುರಿನವರಿಗಾಗಿ ಕಾಯುವುದು ಎಲ್ಲವೂ ಅತಿ ವೇಗದ ಸಂಚಾರವಿರುವ ಲೇನಿನಲ್ಲೇ ನಡೆಯಬೇಕು. ಹಿಂದೆ ಬರುತ್ತಿರುವ ಲಾರಿಯವನಿಗೆ ಅದೇ ವೇಗದಿಂದ ನಿಲ್ಲಲು, ರಸ್ತೆ ವಿನ್ಯಾಸದ ಮಾನದಂಡಗಳನ್ನು ರೂಪಿಸುವ ನಮ್ಮ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದ ಪ್ರಕಾರ, 120 ಮೀಟರ್ ಬೇಕು. ಈ ಲೆಕ್ಕದಲ್ಲಿ ಚಾಲಕ ನೋಡಿ, ಅರ್ಥ ಮಾಡಿಕೊಂಡು, ಬ್ರೇಕಿನ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ಸೇರಿದೆ. ಲಾರಿಯವನು ಗಮನಿಸದಿದ್ದರೆ ಹಿಂದಿನಿಂದ ಡಿಕ್ಕಿ. ಗಮನಿಸಿದರೆ ಅವನು ಬಹುತೇಕ ನಿಲ್ಲುವುದಿಲ್ಲ, ಎಡಕ್ಕೆ ಹೊರಳಿಸಿ ಮುಂದೆ ಹೋಗುತ್ತಾನೆ. ಆ ಎಡಬದಿಯಲ್ಲಿ ಬಸ್ಸಿಗೆ ಕಾಯುತ್ತಿರುವವರು, ಸೈಕಲ್ಲಿನವರು, ನಿಧಾನವಾಗಿ ಹೋಗುತ್ತಿರುವ ಮೊಪೆಡ್ಡಿನವರು ಇರುತ್ತಾರೆ. ಬಲಕ್ಕೆ ತಿರುಗಲು ನಿಂತ ಒಂದು ಕಾರಿನಿಂದಾಗಿ ಎಡಬದಿಯ ಮಣ್ಣಿನ ಅಂಚಿನಲ್ಲಿದ್ದ ಒಬ್ಬ ಹೆಂಗಸು ಸತ್ತರೆ, ಆ ಕಾರು ಕಡತದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ನಿಂತಿರುವ ಆ ಚಾಲಕನ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅವನು ಎದುರಿನ ಸಂಚಾರದಲ್ಲಿ ಒಂದು ಬಿಡುವನ್ನು ಹುಡುಕುತ್ತಿದ್ದಾನೆ. ಅಮೆರಿಕದ ಹೆದ್ದಾರಿ ಸಾಮರ್ಥ್ಯದ ಕೈಪಿಡಿ ಇಂಥ ತಿರುವಿಗೆ ಬೇಕಾದ ಬಿಡುವನ್ನು ಸುಮಾರು 4.1 ಸೆಕೆಂಡು ಎಂದು ಇಟ್ಟುಕೊಂಡಿದೆ. ಎದುರಿನಿಂದ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರಲ್ಲಿ 90 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ನೇರವಾಗಿ ತನ್ನತ್ತಲೇ ಬರುತ್ತಿರುವ ವಸ್ತುವಿನ ವೇಗವನ್ನು ಅಂದಾಜು ಮಾಡುವುದರಲ್ಲಿ ಮನುಷ್ಯನ ಕಣ್ಣು ದುರ್ಬಲವಾದುದು. ಅದರಲ್ಲೂ ಬೈಕಿನಂಥ ಸಣ್ಣ ಆಕಾರ ಬರುತ್ತಿದ್ದರೆ ಅದು ನಿಜಕ್ಕಿಂತ ತಡವಾಗಿ ತಲುಪುತ್ತದೆ ಎಂದೇ ಅನ್ನಿಸುತ್ತದೆ. ರಾತ್ರಿ ಒಂಟಿ ದೀಪ ಎಷ್ಟು ದೂರದಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಇಷ್ಟರ ಮೇಲೆ ಹಿಂದಿನವರ ಹಾರ್ನು. ಕಾಯುವ ಹೊತ್ತು ಹೆಚ್ಚಿದಷ್ಟೂ, ಹಿಂದಿನ ಒತ್ತಡ ಹೆಚ್ಚಿದಷ್ಟೂ, ಮೊದಲು ಸಾಲದು ಎಂದು ಬಿಟ್ಟುಕೊಟ್ಟಿದ್ದ ಸಣ್ಣ ಬಿಡುವನ್ನೇ ಚಾಲಕರು ಒಪ್ಪಿಕೊಳ್ಳತೊಡಗುತ್ತಾರೆ. ಎದುರಿನ ವಾಹನದ ಮುಂದೆ ನುಗ್ಗಿದವನು ದುಡುಕಿದ್ದು ನಿಜ. ಆದರೆ ನಿಲ್ಲಲು ಜಾಗವೇ ಇಲ್ಲದ ಕಡೆ ನಿಲ್ಲಿಸಿ, ಹಿಂದಿನಿಂದ ಗುದ್ದಿಸಿಕೊಳ್ಳುವ ಭಯವನ್ನೂ ಎದುರಿನವನ ಭಯವನ್ನೂ ತೂಗಿ ನೋಡಲು ಅವನಿಗೆ ಎರಡು ಸೆಕೆಂಡು ಕೊಟ್ಟದ್ದು ರಸ್ತೆ.

ಬಲತಿರುವಿನ ಲೇನ್ ಮಾಡುವ ಕೆಲಸ ಇದನ್ನು ಬಿಡಿಸುವುದು. ಅದರಲ್ಲಿ ಮೂರು ಭಾಗಗಳಿವೆ: ನೇರ ಲೇನಿನಿಂದ ಓರೆಯಾಗಿ ಹೊರಬರುವ ಭಾಗ, ವೇಗ ತಗ್ಗಿಸುವ ಭಾಗ, ನಿಂತು ಕಾಯುವ ಭಾಗ. ನಮ್ಮಲ್ಲಿ ಮೂರನೆಯದನ್ನು ಮಾತ್ರ ಕಟ್ಟಿ ಲೇನ್ ಕಟ್ಟಿದೆವು ಎನ್ನುವ ಅಭ್ಯಾಸವಿದೆ. ಡಿವೈಡರನ್ನು ಎರಡು ಕಾರಿನಷ್ಟು ಉದ್ದಕ್ಕೆ ಕೊರೆದರೆ ನಿಲ್ಲಲು ಜಾಗವಾಯಿತು ನಿಜ, ಆದರೆ ಚಾಲಕ ಬ್ರೇಕ್ ಹಾಕುವುದು ಇನ್ನೂ ನೇರ ಲೇನಿನಲ್ಲೇ ಆದ್ದರಿಂದ ಹಿಂದಿನವನ ಅಪಾಯ ಹಾಗೆಯೇ ಉಳಿಯುತ್ತದೆ. ಪೂರ್ಣ ಉದ್ದದ ಲೇನಿದ್ದಾಗ ಮಾತ್ರ ತಿರುಗುವವನು ಮೊದಲು ಹಿಂದಿನವರಿಂದ ಬೇರೆಯಾಗಿ, ಆಮೇಲೆ ನಿಧಾನಿಸಿ, ಆಮೇಲೆ ಎದುರು ನೋಡುತ್ತಾನೆ. ಒಂದೊಂದು ಹೊತ್ತಿಗೆ ಒಂದೊಂದೇ ನಿರ್ಧಾರ.

ಇದರ ಫಲವನ್ನು ಅಳೆದಿದ್ದಾರೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ತನ್ನ ಪರೀಕ್ಷಿತ ಸುರಕ್ಷತಾ ಕ್ರಮಗಳ ಪಟ್ಟಿಯಲ್ಲಿ ಕೊಟ್ಟಿರುವಂತೆ, ಎದುರು ಸಂಚಾರವನ್ನು ದಾಟುವ ತಿರುವಿಗೆ ಪ್ರತ್ಯೇಕ ಲೇನ್ ಕೊಟ್ಟಲ್ಲಿ ಒಟ್ಟು ಅಪಘಾತಗಳು ಶೇ 28ರಿಂದ 48ರವರೆಗೆ ಇಳಿದಿವೆ. ಪಕ್ಕದ ಸುಲಭ ತಿರುವಿಗೆ ಕೊಟ್ಟ ಲೇನಿನ ಫಲ ಶೇ 14ರಿಂದ 26. ಈ ಶೇಕಡಾವಾರುಗಳನ್ನು ಹಾಗೆಯೇ ತುಮಕೂರಿಗೋ ಹುಬ್ಬಳ್ಳಿಗೋ ತಂದು ಹಚ್ಚಬೇಡಿ. ಅಲ್ಲಿನ ಸಂಚಾರದಲ್ಲಿ ಕಾರುಗಳೇ ಹೆಚ್ಚು, ನಮ್ಮಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಬಸ್ಸು ಒಂದೇ ಅಗಲವನ್ನು ಹಂಚಿಕೊಳ್ಳುತ್ತವೆ. ಫಲದ ಪ್ರಮಾಣ ಬೇರೆಯಾಗಬಹುದು, ಫಲ ಬರುವ ಕಾರಣ ಮಾತ್ರ ಎರಡೂ ಕಡೆ ಒಂದೇ.

ಲೇನ್ ಕಟ್ಟಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ನನ್ನ ಅನುಭವದಲ್ಲಿ ಎಂಜಿನಿಯರುಗಳೂ ಹೆಚ್ಚು ಯೋಚಿಸದಿರುವುದು ಇದನ್ನೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎರಡು ಎದುರುಬದುರು ದಿಕ್ಕುಗಳಲ್ಲೂ ಬಲತಿರುವಿನ ಲೇನ್ ಇದೆ ಎಂದುಕೊಳ್ಳಿ. ನೀವು ಕಾರಿನಲ್ಲಿ ಬಲಕ್ಕೆ ತಿರುಗಲು ನಿಂತಿದ್ದೀರಿ, ನಿಮ್ಮ ಎದುರಿಗೆ ಒಂದು ಲಾರಿ ತನ್ನ ಬಲಕ್ಕೆ ತಿರುಗಲು ನಿಂತಿದೆ. ಇಬ್ಬರ ದಾರಿಯೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ನೀವು ನೋಡಬೇಕಾಗಿರುವುದು ಆ ಲಾರಿಯ ಆಚೆ, ಅದರ ಎಡಬದಿಯ ಲೇನಿನಲ್ಲಿ ನೇರವಾಗಿ ಬರುತ್ತಿರುವ ವಾಹನಗಳನ್ನು. ಲಾರಿಯ ಮೈ ಆ ನೋಟವನ್ನು ಪೂರ್ತಿ ಮುಚ್ಚಿಬಿಟ್ಟಿದೆ. ನೀವು ಒಂದಡಿ, ಎರಡಡಿ ಮುಂದೆ ಸರಿದು ಕತ್ತು ಚಾಚುತ್ತೀರಿ, ಆಗ ಕಾರಿನ ಮೂಲೆ ಎದುರಿನ ಲೇನಿನೊಳಕ್ಕೆ ಚಾಚಿಕೊಂಡಿರುತ್ತದೆ. ಲಾರಿಯ ಮರೆಯಿಂದ ಹೊರಬರುವ ಬೈಕಿನವನಿಗೆ ನೀವು ಕಾಣಿಸುವುದೂ ನಿಮಗೆ ಅವನು ಕಾಣಿಸುವುದೂ ಒಂದೇ ಗಳಿಗೆಯಲ್ಲಿ. ಇಬ್ಬರಿಗೂ ಆಗ ಉಳಿದಿರುವ ದೂರ ಬ್ರೇಕಿಗೆ ಸಾಲುವಂಥದ್ದಲ್ಲ.

ಇದಕ್ಕೆ ಪರಿಹಾರ ಎರಡೂ ತಿರುವಿನ ಲೇನುಗಳನ್ನು ತಮ್ಮ ತಮ್ಮ ಬಲಕ್ಕೆ, ಎಂದರೆ ಎದುರಿನ ಸಂಚಾರದ ಕಡೆಗೆ, ಸರಿಸಿ ಕಟ್ಟುವುದು. ಡಿವೈಡರ್ ಸಾಕಷ್ಟು ಅಗಲವಿದ್ದರೆ ತಿರುವಿನ ಲೇನನ್ನು ನೇರ ಲೇನಿಗೆ ಅಂಟಿಸಿ ಇಡದೆ, ನಡುವೆ ಬಣ್ಣದ ಪಟ್ಟೆಯನ್ನೋ ಸಣ್ಣ ದ್ವೀಪವನ್ನೋ ಬಿಟ್ಟು, ಲೇನನ್ನು ಡಿವೈಡರಿನ ಆಚೆ ಅಂಚಿಗೆ ಒಯ್ಯಬೇಕು. ಆಗ ಎದುರಿನ ಲಾರಿ ನಿಮ್ಮ ಎಡಕ್ಕೆ ಸರಿದು ನಿಲ್ಲುತ್ತದೆ, ಅದರ ಮರೆಯಲ್ಲಿದ್ದ ನೇರ ಲೇನು ಕಣ್ಣಿಗೆ ತೆರೆದುಕೊಳ್ಳುತ್ತದೆ. ಒಂದೆರಡು ಮೀಟರಿನ ಈ ಸ್ಥಳಾಂತರದಿಂದ ಸಾವು ಮತ್ತು ಗಾಯದ ಅಪಘಾತಗಳು ಶೇ 36ರಷ್ಟು ತಗ್ಗಿವೆ ಎಂಬುದು ಅದೇ ಅಮೆರಿಕದ ಸಂಸ್ಥೆ ಕೊಡುವ ಅಂಕಿ. ಹೆಚ್ಚುವರಿ ಭೂಮಿ ಬೇಡ, ಸೇತುವೆ ಬೇಡ. ಇಲ್ಲಿ ಬಂದಿರುವ ಯುವ ಎಂಜಿನಿಯರುಗಳು ತಮ್ಮ ಮುಂದಿನ ನಕ್ಷೆಯಲ್ಲಿ ತಿರುವಿನ ಲೇನಿನ ಮೊದಲ ವಾಹನದ ಚಾಲಕನ ಕಣ್ಣು ಎಲ್ಲಿರುತ್ತದೆ ಎಂದು ಒಂದು ಚುಕ್ಕೆ ಇಟ್ಟು, ಅಲ್ಲಿಂದ ಎದುರಿನ ನೇರ ಲೇನಿಗೆ ಒಂದು ಗೆರೆ ಎಳೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಗೆರೆ ಎದುರಿನ ವಾಹನದ ಮೈ ಮೇಲೆ ಹಾದುಹೋದರೆ ನಕ್ಷೆ ಇನ್ನೂ ಮುಗಿದಿಲ್ಲ ಎಂದರ್ಥ.

ನಮ್ಮ ನಾಲ್ಕು ಪಥದ ಹೆದ್ದಾರಿಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹೆದ್ದಾರಿಯಿಂದ ಹಳ್ಳಿಗೆ ಒಡೆಯುವ ಇಂಥ ಜಾಗಗಳನ್ನು ಕ್ರಾಸ್, ಗೇಟ್, ಹ್ಯಾಂಡ್‌ಪೋಸ್ಟ್ ಎಂದು ಕರೆಯುತ್ತೇವೆ, ಅಲ್ಲೊಂದು ಟೀ ಅಂಗಡಿ, ಪಂಕ್ಚರ್ ಅಂಗಡಿ, ಬಸ್ ತಂಗುದಾಣ ಇದ್ದೇ ಇರುತ್ತವೆ. ಒಂದು ತಾಲ್ಲೂಕು ಕೇಂದ್ರದ ಹೊರಗಿನ ಅಂಥದೊಂದು ಕ್ರಾಸಿನಲ್ಲಿ ಸುರಕ್ಷತಾ ಪರಿಶೀಲನೆಗೆಂದು ನಿಂತಾಗ ಕಂಡದ್ದನ್ನು ಹೇಳುತ್ತೇನೆ. ಡಿವೈಡರನ್ನು ಅಲ್ಲಿ ತೆರೆದು ಬಿಟ್ಟಿದ್ದರು, ಆದರೆ ತಿರುವಿನ ಲೇನ್ ಇರಲಿಲ್ಲ. ಡಿವೈಡರಿನ ಅಗಲ ಒಂದು ಕಾರಿನ ಉದ್ದದ ಅರ್ಧವೂ ಇರಲಿಲ್ಲ. ಹಳ್ಳಿಯ ಕಡೆಯಿಂದ ಬಂದ ಟ್ರ್ಯಾಕ್ಟರ್ ಮೊದಲ ಎರಡು ಲೇನುಗಳನ್ನು ದಾಟಿ, ಡಿವೈಡರಿನ ಬಾಯಲ್ಲಿ ಮೂತಿಯನ್ನಿಟ್ಟು ನಿಂತರೆ, ಅದರ ಟ್ರೇಲರ್ ಪೂರ್ತಿಯಾಗಿ ಹಿಂದಿನ ವೇಗದ ಲೇನಿನಲ್ಲಿ ಅಡ್ಡಲಾಗಿ ಉಳಿಯುತ್ತಿತ್ತು. ಡಾಂಬರಿನ ಮೇಲೆ ಉದ್ದುದ್ದನೆಯ ಕಪ್ಪು ಟೈರಿನ ಗುರುತುಗಳು ಆ ಬಾಯಿಯ ಕಡೆಗೆ ಬಂದು ಕೊನೆಯಲ್ಲಿ ಎಡಕ್ಕೆ ಬಾಗಿದ್ದವು. ಡಿವೈಡರಿನ ಕಲ್ಲಿನ ಮೂಲೆ ಒಡೆದಿತ್ತು, ಅದರ ಬುಡದಲ್ಲಿ ಇಂಡಿಕೇಟರಿನ ಕಿತ್ತಳೆ ಪ್ಲಾಸ್ಟಿಕ್ ಚೂರುಗಳು ಮಣ್ಣಿನಲ್ಲಿ ಹುದುಗಿದ್ದವು. ಬಣ್ಣ ಮಾಸಿ ಬಿಳಿ ಗೆರೆ ಎಲ್ಲಿಯೂ ಉಳಿದಿರಲಿಲ್ಲ. ಅಪಘಾತದ ದಾಖಲೆಯನ್ನು ತರಿಸಿ ನೋಡುವ ಮೊದಲೇ ಆ ನೆಲ ಎಲ್ಲವನ್ನೂ ಹೇಳುತ್ತಿತ್ತು.

ಇಂಥ ಕಡೆ ಜನರು ಬೇಸತ್ತು ಹಂಪ್ ಕೇಳುತ್ತಾರೆ, ಬ್ಯಾರಿಕೇಡ್ ಕೇಳುತ್ತಾರೆ, ಕೊನೆಗೆ ಯಾರಾದರೂ ಸತ್ತ ಮೇಲೆ ಡಿವೈಡರಿನ ಬಾಯಿಯನ್ನೇ ಮುಚ್ಚಿಸುತ್ತಾರೆ. ಮುಚ್ಚುವುದು ತಪ್ಪಲ್ಲ. ಅಮೆರಿಕದ ವಿಭಜಿತ ಹೆದ್ದಾರಿಗಳಲ್ಲಿ ಪಕ್ಕದ ರಸ್ತೆಯಿಂದ ಬರುವವರಿಗೆ ನೇರ ದಾಟುವುದನ್ನೂ ಅಡ್ಡ ತಿರುಗುವುದನ್ನೂ ತಡೆದು, ಮೊದಲು ಸುಲಭದ ದಿಕ್ಕಿಗೆ ತಿರುಗಿಸಿ, ಮುಂದೆ ಒಂದು ವಿಶೇಷ ಯೂ-ಟರ್ನ್ ಲೇನಿನಲ್ಲಿ ಹಿಂದಿರುಗಿಸುವ ವಿನ್ಯಾಸವಿದೆ. ಸಿಗ್ನಲ್ ಇಲ್ಲದ ಕೂಡುಗಳನ್ನು ಹೀಗೆ ಬದಲಿಸಿದಲ್ಲಿ ಸಾವು ಮತ್ತು ಗಾಯದ ಅಪಘಾತಗಳು ಶೇ 54ರಷ್ಟು ಇಳಿದಿವೆ. ಮಿಷಿಗನ್ ರಾಜ್ಯದಲ್ಲಿ ಇದರ ಹತ್ತಿರದ ಇನ್ನೊಂದು ರೂಪ 1960ರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ಈ ವಿನ್ಯಾಸದ ಜೀವ ಇರುವುದು ಆ ಯೂ-ಟರ್ನಿನಲ್ಲಿ. ಅದು ಹತ್ತಿರವಿರಬೇಕು, ಅದಕ್ಕೆ ಕಾಯುವ ಲೇನಿರಬೇಕು, ತಿರುಗಿದ ಮೇಲೆ ಸಂಚಾರದೊಳಕ್ಕೆ ಸೇರಲು ಜಾಗವಿರಬೇಕು. ನಾವು ಮೊದಲ ಅರ್ಧವನ್ನು ಮಾತ್ರ ತಂದು, ಬಾಯಿ ಮುಚ್ಚಿ, ಯೂ-ಟರ್ನನ್ನು ಎರಡು ಕಿಲೋಮೀಟರ್ ಆಚೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೀವೆಲ್ಲರೂ ನೋಡಿದ್ದೀರಿ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟ ಬೈಕಿನವನು ನಾಲ್ಕು ಕಿಲೋಮೀಟರ್ ಸುತ್ತುವ ಬದಲು ಎದುರು ದಿಕ್ಕಿನಲ್ಲಿ, ರಸ್ತೆಯ ಅಂಚು ಹಿಡಿದು, ರಾಂಗ್ ಸೈಡಿನಲ್ಲಿ ಬರುತ್ತಾನೆ. ಅವನಿಗೆ ದಂಡ ಹಾಕಬಹುದು. ಆದರೆ ದಿನವೂ ಬೆಳಿಗ್ಗೆ ಅದೇ ಜಾಗದಲ್ಲಿ, ಬೇರೆ ಬೇರೆ ಜನ, ಒಂದೇ ತಪ್ಪನ್ನು ಮಾಡುತ್ತಿದ್ದರೆ ನಕ್ಷೆಯನ್ನು ಮತ್ತೆ ಬಿಚ್ಚಿ ನೋಡುವ ಹೊಣೆ ನಮ್ಮದು.

ಜಾಗದ ಮಾತಾಯಿತು, ಇನ್ನು ಕಾಲದ ಮಾತು. ನಗರದಲ್ಲಿ ಸಿಗ್ನಲ್ ಇದ್ದಾಗ ಬಲತಿರುವನ್ನು ಎರಡು ರೀತಿಯಲ್ಲಿ ಬಿಡಬಹುದು. ಒಂದು, ಎದುರಿನವರಿಗೂ ಹಸಿರು ಇರುವಾಗಲೇ ಬಿಡುವು ನೋಡಿ ತಿರುಗಲು ಬಿಡುವುದು. ಇನ್ನೊಂದು, ಎದುರಿನವರನ್ನು ನಿಲ್ಲಿಸಿ ತಿರುಗುವವರಿಗೆ ಮಾತ್ರ ಹಸಿರು ಬಾಣ ಕೊಡುವುದು. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮೂರನೆಯ ಪದ್ಧತಿಯಿದೆ: ಒಂದು ದಿಕ್ಕಿನ ಎಲ್ಲರನ್ನೂ, ನೇರವೂ ಬಲವೂ ಸೇರಿ, ಒಮ್ಮೆಗೇ ಬಿಟ್ಟು ಉಳಿದ ಮೂರು ದಿಕ್ಕುಗಳನ್ನು ತಡೆಯುವುದು. ಇದರಿಂದ ಎದುರಿನವರೊಡನೆ ಡಿಕ್ಕಿಯ ಪ್ರಶ್ನೆಯೇ ಇಲ್ಲವಾಗುತ್ತದೆ, ಲೇನ್ ಶಿಸ್ತು ಇಲ್ಲದ ಕಡೆ ಇದೇ ಸುರಕ್ಷಿತ ಎಂಬ ವಾದದಲ್ಲಿ ಹುರುಳಿದೆ. ಆದರೆ ನಾಲ್ಕು ದಿಕ್ಕಿಗೆ ನಾಲ್ಕು ಸರದಿ ಬಂದಾಗ ಒಂದು ಸುತ್ತಿನ ಹೊತ್ತು ಬೆಳೆಯುತ್ತದೆ. ನಮ್ಮದೇ ಮಾರ್ಗಸೂಚಿ 120 ಸೆಕೆಂಡನ್ನು ಮೀರಬೇಡಿ ಎನ್ನುತ್ತದೆ, ದೊಡ್ಡ ಜಂಕ್ಷನ್ನುಗಳಲ್ಲಿ ಅದಕ್ಕಿಂತ ಹೆಚ್ಚು ಕಾಯುವುದು ಬೆಂಗಳೂರಿನವರಿಗೆ ಹೊಸದಲ್ಲ.

ಸುತ್ತು ಉದ್ದವಾದಷ್ಟೂ ಕಾಯುವ ಲೇನೂ ಉದ್ದವಾಗಬೇಕು, ಇದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇನೆ. ಗಂಟೆಗೆ 240 ಕಾರುಗಳು ಬಲಕ್ಕೆ ತಿರುಗುವ ಒಂದು ಕಡೆ ಸುತ್ತು 120 ಸೆಕೆಂಡಿನದಾದರೆ ಗಂಟೆಗೆ 30 ಸುತ್ತುಗಳು, ಸುತ್ತಿಗೆ 8 ಕಾರು. ಕಾರೊಂದಕ್ಕೆ ನಡುವಿನ ಅಂತರವೂ ಸೇರಿ 7 ಮೀಟರ್ ಹಿಡಿದರೆ 56 ಮೀಟರ್ ಲೇನ್ ಬೇಕು. ಕಾರುಗಳು ಸಮವಾಗಿ ಬರುವುದಿಲ್ಲ, ಒಮ್ಮೆ ನಾಲ್ಕು ಬಂದರೆ ಇನ್ನೊಮ್ಮೆ ಹನ್ನೆರಡು ಬರುತ್ತವೆ, ಆದ್ದರಿಂದ ಒಂದೂವರೆ ಪಟ್ಟು ಇಟ್ಟುಕೊಂಡರೂ 84 ಮೀಟರ್ ಆಯಿತು. ಅದೇ ಸುತ್ತನ್ನು 180 ಸೆಕೆಂಡಿಗೆ ಏರಿಸಿದರೆ ಸುತ್ತಿಗೆ 12 ಕಾರು, ಲೇನ್ 126 ಮೀಟರ್. ಈಗ ಅಲ್ಲಿ ವಾಸ್ತವದಲ್ಲಿ ಇರುವುದು 30 ಮೀಟರಿನ ಲೇನ್ ಎಂದಾದರೆ, ತಿರುಗುವ ಐದನೆಯ ಕಾರು ನೇರ ಲೇನಿನಲ್ಲಿ ನಿಲ್ಲುತ್ತದೆ. ನೇರ ಹೋಗಬೇಕಾದವರು ಹಸಿರಿದ್ದರೂ ಸಿಕ್ಕಿಕೊಳ್ಳುತ್ತಾರೆ. ಎಡದಿಂದ ಮುಂದೆ ಹೋಗಿ, ನಿಲುಗಡೆ ಗೆರೆಯ ಹತ್ತಿರ ಅಡ್ಡಲಾಗಿ ಬಲಕ್ಕೆ ನುಗ್ಗುವವರು ಹುಟ್ಟಿಕೊಳ್ಳುವುದು ಆಗಲೇ. ಆ ನುಗ್ಗುವಿಕೆಯನ್ನು ನಾವು ಶಿಸ್ತಿನ ಕೊರತೆ ಎಂದು ಬೈಯುತ್ತೇವೆ. ಶಿಸ್ತಾಗಿ ಸಾಲಿನಲ್ಲಿ ನಿಂತವನಿಗೆ ಎರಡು ಸುತ್ತಿನ ಶಿಕ್ಷೆ, ನುಗ್ಗಿದವನಿಗೆ ಅದೇ ಸುತ್ತಿನಲ್ಲಿ ದಾರಿ ಎಂಬ ಏರ್ಪಾಟನ್ನು ಮಾಡಿದ್ದು 30 ಮೀಟರಿನ ಆ ಲೇನು.

ಇಲ್ಲೇ ದ್ವಿಚಕ್ರ ವಾಹನಗಳ ಮಾತನ್ನು ಹೇಳಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದವರು. ಮೂರೂವರೆ ಮೀಟರ್ ಅಗಲದ ಲೇನ್ ಎಂಬುದು ಲಾರಿಯ ಅಗಲವನ್ನು ನೋಡಿ ಮಾಡಿದ ಅಳತೆ, ಒಂದು ಮೀಟರೂ ಇಲ್ಲದ ಸ್ಕೂಟರಿಗೆ ಅದು ಮಿತಿಯಾಗಿ ತೋರುವುದಿಲ್ಲ. ಸ್ಕೂಟರಿನವರು ಎಡ ಅಂಚಿನಲ್ಲಿ ಬಂದು, ಕೊನೆಯ ಇಪ್ಪತ್ತು ಮೀಟರಿನಲ್ಲಿ ಎಲ್ಲ ಲೇನುಗಳನ್ನೂ ಓರೆಯಾಗಿ ದಾಟಿ ಬಲಕ್ಕೆ ತಿರುಗುತ್ತಾರೆ, ಏಕೆಂದರೆ ಬಸ್ಸು ಲಾರಿಗಳ ನಡುವೆ ನೂರು ಮೀಟರ್ ಮೊದಲೇ ಬಲ ಲೇನಿಗೆ ಬರುವುದು ಅವರಿಗೆ ಭಯದ ಕೆಲಸ. ತೈವಾನಿನಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿ ಸ್ಕೂಟರುಗಳು ಬಹಳ, ಸಂಚಾರ ಬಲಬದಿಯದು. ಅನೇಕ ಕೂಡುಗಳಲ್ಲಿ ಸ್ಕೂಟರಿನವರು ಒಂದೇ ಬಾರಿಗೆ ಅಡ್ಡ ತಿರುಗುವಂತಿಲ್ಲ. ಹಸಿರಿನಲ್ಲಿ ನೇರ ಹೋಗಿ, ಆಚೆ ಮೂಲೆಯಲ್ಲಿ ಬಣ್ಣದಿಂದ ಬರೆದ ಚೌಕದೊಳಗೆ ದಿಕ್ಕು ಬದಲಿಸಿ ನಿಂತು, ಅಡ್ಡರಸ್ತೆಗೆ ಹಸಿರು ಬಂದಾಗ ನೇರ ಸಾಗುತ್ತಾರೆ. ಒಂದು ಅಪಾಯದ ತಿರುವು ಎರಡು ನೇರ ಚಲನೆಗಳಾಗಿ ಒಡೆಯಿತು. ನಮ್ಮಂತೆಯೇ ಎಡಬದಿಯಲ್ಲಿ ಓಡಿಸುವ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಕೇಂದ್ರಭಾಗದಲ್ಲಿ ಟ್ರಾಮಿಗೆ ಅಡ್ಡವಾಗಬಾರದೆಂದು ಕಾರುಗಳಿಗೂ ಇಂಥ ಕ್ರಮವಿದೆ, ಬಲಕ್ಕೆ ತಿರುಗುವವರು ಎಡ ಅಂಚಿನಿಂದ ಮುಂದೆ ಬಂದು ಕಾದು ಆಮೇಲೆ ತಿರುಗುತ್ತಾರೆ. ಸ್ಕೂಟರಿನವರು ಈಗಾಗಲೇ ಎಡ ಅಂಚಿನಿಂದ ಬರುತ್ತಿರುವ ನಮ್ಮ ಊರುಗಳಲ್ಲಿ, ಅಗಲವಾದ ಒಂದೆರಡು ಜಂಕ್ಷನ್ನುಗಳಲ್ಲಿಯಾದರೂ ಇದನ್ನು ಪ್ರಯೋಗಿಸಿ ನೋಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಎಡತಿರುವು ಸುಲಭದ್ದು ಎಂದು ಮೊದಲೇ ಹೇಳಿದೆ. ಅದು ವಾಹನದವರಿಗೆ ಸುಲಭ, ನಡೆಯುವವರಿಗೆ ಅಲ್ಲ. ನಮ್ಮಲ್ಲಿ ಫ್ರೀ ಲೆಫ್ಟ್ ಎಂದು ಫಲಕ ಹಾಕಿ, ಮೂಲೆಯನ್ನು ದೊಡ್ಡದಾಗಿ ದುಂಡಾಗಿಸಿ, ನಡುವೆ ಒಂದು ತ್ರಿಕೋನದ ದ್ವೀಪ ಮಾಡಿ ಬಿಟ್ಟಿರುತ್ತೇವೆ. ತಿರುವಿನ ವೇಗವನ್ನು ನಿರ್ಧರಿಸುವುದು ಫಲಕವಲ್ಲ, ಆ ಮೂಲೆಯ ದುಂಡಗಿನ ಅಳತೆ. ಆರು ಮೀಟರ್ ತ್ರಿಜ್ಯದ ಮೂಲೆಯಲ್ಲಿ ಕಾರು ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ತಿರುಗುತ್ತದೆ, ಹದಿನೈದು ಮೀಟರಿನಲ್ಲಿ 24ರ ಆಸುಪಾಸು, ಮೂವತ್ತು ಮೀಟರಿನಲ್ಲಿ 30ನ್ನು ಮೀರುತ್ತದೆ. ಜೊತೆಗೆ ಚಾಲಕನ ಕತ್ತು ಯಾವ ಕಡೆಗಿರುತ್ತದೆ ಎಂಬುದನ್ನು ಗಮನಿಸಿ. ಅವನು ಬಲದಿಂದ ಬರುವ ವಾಹನಗಳ ನಡುವೆ ಸೇರಿಕೊಳ್ಳಲು ಬಲಕ್ಕೆ ನೋಡುತ್ತಿದ್ದಾನೆ, ಕಾರು ಎಡಕ್ಕೆ ಹೋಗುತ್ತಿದೆ. ಝೀಬ್ರಾ ಪಟ್ಟೆಯ ಮೇಲೆ ಎಡದಿಂದ ಮಗುವಿನ ಕೈಹಿಡಿದು ಇಳಿದ ತಾಯಿ ಅವನ ನೋಟದಲ್ಲಿಯೇ ಇಲ್ಲ. 2022ರ ಸಾವುಗಳಲ್ಲಿ ಶೇ 19.5 ಪಾದಚಾರಿಗಳದ್ದು.

ಆದ್ದರಿಂದ ಫ್ರೀ ಲೆಫ್ಟ್ ಅನ್ನು ನಗರದ ಜನನಿಬಿಡ ಜಂಕ್ಷನ್ನುಗಳಿಂದ ತೆಗೆಯಬೇಕು ಎಂದೇ ನಾನು ಹೇಳುತ್ತೇನೆ. ಎಡಕ್ಕೆ ತಿರುಗುವವರೂ ಸಿಗ್ನಲ್ಲಿಗೆ ನಿಲ್ಲಲಿ. ಬಸ್ಸು ತಿರುಗಬೇಕಾದ ಕಾರಣ ಮೂಲೆಯನ್ನು ಚಿಕ್ಕದಾಗಿಸಲು ಆಗದ ಕಡೆ, ಮೂಲೆಯ ಒಳಭಾಗದಲ್ಲಿ ತುಸು ಎತ್ತರದ, ಒರಟು ಕಲ್ಲು ಹಾಸಿದ ಅಂಚನ್ನು ಕೊಟ್ಟರೆ ಬಸ್ಸಿನ ಹಿಂಗಾಲಿ ಅದರ ಮೇಲೆ ಹತ್ತಿ ಹೋಗುತ್ತದೆ, ಕಾರುಗಳು ಅದನ್ನು ತಪ್ಪಿಸಿ ಬಿಗಿಯಾಗಿ, ನಿಧಾನವಾಗಿ ತಿರುಗುತ್ತವೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮರುನಿರ್ಮಿಸಿದಾಗ ಪಾದಚಾರಿ ಮಾರ್ಗವನ್ನು ಅಗಲಗೊಳಿಸಿ ವಾಹನ ಪಥಗಳ ಅಗಲವನ್ನು ಉದ್ದಕ್ಕೂ ಒಂದೇ ಸಮನಾಗಿಸಿದರು. ಅಲ್ಲಿ ನಡೆದಾಡಿದವರಿಗೆ ಮೂಲೆಯಲ್ಲಿ ನಿಲ್ಲುವುದು ಎಷ್ಟು ನಿರಾಳವೆಂಬುದು ಗೊತ್ತಿದೆ.

ನಡೆಯುವವರ ವಿಷಯ ಬಂದಾಗ ಬಲತಿರುವಿನ ಲೇನಿಗೂ ಒಂದು ಮಿತಿ ಹೇಳಬೇಕಾಗುತ್ತದೆ. ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರು ಸಂಚಾರವನ್ನು ದಾಟುವ ತಿರುವುಗಳಿಂದ ಸತ್ತ ಪಾದಚಾರಿ ಮತ್ತು ಸೈಕಲ್ ಸವಾರರ ಸಂಖ್ಯೆ ಇನ್ನೊಂದು ತಿರುವಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಎದುರಿನ ವಾಹನಗಳಲ್ಲಿ ಬಿಡುವು ಸಿಕ್ಕ ಕೂಡಲೇ ಚಾಲಕ ಮೂಲೆಯನ್ನು ಕತ್ತರಿಸಿಕೊಂಡು ವೇಗವಾಗಿ ನುಗ್ಗುತ್ತಾನೆ, ಆಚೆ ಬದಿಯ ಝೀಬ್ರಾ ಪಟ್ಟೆಯನ್ನು ಕೊನೆಗೆ ನೋಡುತ್ತಾನೆ. ಅವರು ಮಾಡಿದ ಉಪಾಯ ಸರಳ: ಮಧ್ಯದ ಗೆರೆಯನ್ನು ಝೀಬ್ರಾ ಪಟ್ಟೆಯಾಚೆಗೂ ಚಾಚಿ, ಅಲ್ಲಿ ರಬ್ಬರಿನ ತಡೆಯನ್ನೂ ಬಾಗುವ ಕಂಬಗಳನ್ನೂ ನೆಟ್ಟರು. ಮೂಲೆ ಕತ್ತರಿಸಲಾಗದೆ ಚಾಲಕ ಚೌಕಕ್ಕೆ ಚೌಕವಾಗಿ, ನಿಧಾನವಾಗಿ ತಿರುಗಬೇಕಾಯಿತು. ನಮ್ಮಲ್ಲಿಯೂ ಡಿವೈಡರಿನ ತುದಿಯನ್ನು ಝೀಬ್ರಾ ಪಟ್ಟೆಯ ಹಿಂದಕ್ಕೇ ನಿಲ್ಲಿಸದೆ ಮುಂದಕ್ಕೂ ತಂದರೆ ಇದೇ ಫಲ ಸಿಗುತ್ತದೆ, ದಾಟುತ್ತಿರುವವರಿಗೆ ನಡುವೆ ನಿಲ್ಲಲು ಒಂದು ಆಸರೆಯೂ ಆಗುತ್ತದೆ. ಇನ್ನೊಂದು ಮಾತು. ಮೂರೂವರೆ ಮೀಟರಿನ ಒಂದೊಂದು ಹೆಚ್ಚುವರಿ ಲೇನೂ, ಸೆಕೆಂಡಿಗೆ 1.2 ಮೀಟರ್ ನಡೆಯುವ ಮನುಷ್ಯನಿಗೆ, ಸುಮಾರು ಮೂರು ಸೆಕೆಂಡಿನ ಹೆಚ್ಚುವರಿ ದಾರಿ. ವಯಸ್ಸಾದವರಿಗೆ ಇನ್ನೂ ಹೆಚ್ಚು. ಒಂದು ತಿರುವಿನ ಲೇನ್ ಬೇಕೆಂದು ನಾನು ವಾದಿಸುತ್ತಿರುವಾಗಲೇ ಎರಡು, ಮೂರು ತಿರುವಿನ ಲೇನುಗಳನ್ನು ವಿರೋಧಿಸುವುದು ಈ ಕಾರಣಕ್ಕೆ. ತಿರುಗುವವನಿಗೆ ನಿಲ್ಲಲು ಜಾಗ ಕೊಡಬೇಕು, ವೇಗವಾಗಿ ತಿರುಗಲು ಜಾಗ ಕೊಡಬಾರದು.

ಲೇನಿನ ಬಾಣದ ಗುರುತುಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ನೇರ ಹೋಗುತ್ತಿದ್ದ ಲೇನು ಯಾವ ಸೂಚನೆಯೂ ಇಲ್ಲದೆ ಕೊನೆಯಲ್ಲಿ ಬಲತಿರುವಿನ ಲೇನಾಗಿಬಿಡುವುದು ಅತ್ಯಂತ ಕೆಟ್ಟ ವಿನ್ಯಾಸ. ಅದರಲ್ಲಿ ಸಿಕ್ಕಿಕೊಂಡ ಹೊಸಬ ಕೊನೆಯ ಗಳಿಗೆಯಲ್ಲಿ ಎಡಕ್ಕೆ ಹೊರಳುತ್ತಾನೆ. ಬಾಣ ನಿಲುಗಡೆ ಗೆರೆಯ ಹತ್ತಿರ ಮಾತ್ರ ಇದ್ದರೆ ಮುಂದಿನ ವಾಹನಗಳ ಕೆಳಗೆ ಅದು ಮುಚ್ಚಿಹೋಗಿರುತ್ತದೆ, ಆದ್ದರಿಂದ ಸಾಲು ಶುರುವಾಗುವುದಕ್ಕಿಂತ ಮೊದಲೇ, ಸಾಧ್ಯವಿದ್ದಲ್ಲಿ ತಲೆಯ ಮೇಲಿನ ಫಲಕದಲ್ಲಿಯೂ, ಅದು ಕಾಣಬೇಕು. ಮಳೆಗಾಲದ ರಾತ್ರಿ, ನೀರು ನಿಂತ ಡಾಂಬರಿನ ಮೇಲೆ ಮಾಮೂಲು ಬಣ್ಣದ ಗುರುತು ಕಾಣುವುದಿಲ್ಲ ಎಂಬುದನ್ನು ಪರಿಶೀಲನೆಗೆ ಹಗಲಿನಲ್ಲಿ ಮಾತ್ರ ಹೋಗುವವರು ಮರೆಯುತ್ತಾರೆ.

ಸಭೆಯಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಯೊಂದಿದೆ: ನಮ್ಮ ಊರಿನ ರಸ್ತೆಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿದೆ? ನ್ಯಾಯವಾದ ಪ್ರಶ್ನೆ. ನಿಮ್ಮ ಊರಿನ ಮುಖ್ಯ ವೃತ್ತಕ್ಕೆ ಹೋಗಿ, ಮೂಲೆಯಿಂದ ಹಿಂದಕ್ಕೆ ಅರವತ್ತು, ಎಪ್ಪತ್ತು ಮೀಟರ್ ನಡೆದು, ಎರಡೂ ಬದಿಯಲ್ಲಿ ಏನೇನು ನಿಂತಿದೆ ಎಂದು ನೋಡಿ. ಹೆಚ್ಚಿನ ಕಡೆ ಬ್ಯಾಂಕಿನ ಮುಂದೆ ಕಾರುಗಳು, ಹೋಟೆಲಿನ ಮುಂದೆ ಬೈಕುಗಳು, ತಿರುವಿನಲ್ಲೇ ಆಟೋ ನಿಲ್ದಾಣ, ಸಿಗ್ನಲ್ಲಿಗಿಂತ ಹತ್ತು ಹೆಜ್ಜೆ ಹಿಂದೆಯೇ ಬಸ್ ತಂಗುದಾಣ ಇರುತ್ತವೆ. ಕಾರುಗಳ ನಿಲುಗಡೆ ಒಂದು ಬದಿಗೆ ಎರಡೂವರೆ ಮೀಟರ್ ನುಂಗುತ್ತದೆ, ಎರಡು ಬದಿ ಸೇರಿ ಐದು ಮೀಟರ್. ಆ ಅರವತ್ತು, ಎಪ್ಪತ್ತು ಮೀಟರಿನಷ್ಟು ಉದ್ದದಲ್ಲಿ ಮಾತ್ರ ಅದನ್ನು ತೆರವುಗೊಳಿಸಿದರೆ ಮೂರು ಮೀಟರಿನ ಒಂದು ಬಲತಿರುವಿನ ಲೇನೂ, ಉಳಿದ ಎರಡು ಮೀಟರಿನಲ್ಲಿ ಮೂಲೆಯ ಪಾದಚಾರಿ ಮಾರ್ಗದ ವಿಸ್ತರಣೆಯೂ ಹಿಡಿಸುತ್ತವೆ. ಜಂಕ್ಷನ್ನಿನ ಹತ್ತಿರ ವಾಹನ ನಿಲ್ಲಿಸುವಂತಿಲ್ಲ ಎಂಬುದು ಈಗಲೂ ನಿಯಮವೇ ಆಗಿದೆ. ಬಸ್ ತಂಗುದಾಣವನ್ನು ಜಂಕ್ಷನ್ನಿನ ಹಿಂದಿನಿಂದ ಮುಂದಕ್ಕೆ, ಎಂದರೆ ಸಿಗ್ನಲ್ ದಾಟಿದ ಮೇಲಿನ ಜಾಗಕ್ಕೆ ಸರಿಸಿದರೆ, ನಿಂತ ಬಸ್ಸನ್ನು ಬಳಸಿಕೊಂಡು ಎಡಕ್ಕೆ ನುಗ್ಗುವವರ ಸಮಸ್ಯೆಯೂ ತಗ್ಗುತ್ತದೆ.

ಇದನ್ನೆಲ್ಲ ಮೊದಲ ದಿನವೇ ಕಾಂಕ್ರೀಟಿನಲ್ಲಿ ಮಾಡಬೇಕಾಗಿಲ್ಲ. ಸುಣ್ಣದ ಗೆರೆ, ಕೋನುಗಳು, ಮರಳು ತುಂಬಿದ ತಡೆಗಳಿಂದ ಕೆಲವು ವಾರ ಪ್ರಯೋಗಿಸಿ ನೋಡಬಹುದು. ಸಾವು ಸಂಭವಿಸುವವರೆಗೆ ಕಾದು ಫಲ ಅಳೆಯಬೇಕಾಗಿಯೂ ಇಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ಕ್ರಮದಲ್ಲಿ, ತರಬೇತಿ ಪಡೆದವರು ಕೂಡುರಸ್ತೆಯ ಪಕ್ಕದಲ್ಲಿ ಕೂತು, ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿಗಳನ್ನು, ಯಾರು ಎಷ್ಟು ದೂರದಲ್ಲಿ ಬ್ರೇಕ್ ಹಾಕಿದರು, ಯಾರು ಹೊರಳಿಸಿದರು ಎಂಬುದನ್ನು ದಾಖಲಿಸುತ್ತಾರೆ. ನಮ್ಮ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ಬದಲಾವಣೆಗೆ ಮುಂಚೆ ಒಂದು ವಾರ, ಆಮೇಲೆ ಒಂದು ವಾರ, ಶಾಲೆ ಬಿಡುವ ಹೊತ್ತಿನಲ್ಲೂ ಸಂಜೆ ಕತ್ತಲಾದ ಮೇಲೂ ಎಣಿಸಲಿ. ಆ ಎರಡು ಪಟ್ಟಿಗಳನ್ನು ನಗರಸಭೆಯ ಮುಂದೆಯೂ ಸಂಚಾರ ಪೊಲೀಸರ ಮುಂದೆಯೂ ಒಟ್ಟಿಗೇ ಇಟ್ಟು, ಯಾವ ಮೂಲೆಗೆ ಕಲ್ಲಿನ ಅಂಚು ಬರಬೇಕು, ಯಾವ ಲೇನು ಇನ್ನೂ ಇಪ್ಪತ್ತು ಮೀಟರ್ ಬೆಳೆಯಬೇಕು ಎಂಬುದನ್ನು ಅಲ್ಲಿಂದ ನಿರ್ಧರಿಸಬಹುದು.